ಹೂವಿರುವಾಗಲೇ ಕೀಳುವ ಆಲೂಗಡ್ಡೆ

ಈ ದೇಶದಲ್ಲಿ ಗಿಡ ಹಚ್ಚಗೆ ಹೂವು ಹೊತ್ತು ನಿಂತಿರುವಾಗಲೇ ಆಲೂಗಡ್ಡೆ ಕೀಳುತ್ತಾರೆ. ನಮ್ಮ ಹಾಸನದ ಕಡೆ ಮುಂಗಾರಿಗೆ ಬಿತ್ತಿ, ಗಿಡ ಪೂರ್ತಿ ಒಣಗಿ, ಸಿಪ್ಪೆ ಬಲಿತ ಮೇಲೆಯೇ ಮಣ್ಣಿಗೆ ಕೈಹಾಕುವುದು. ಲಾರಿ ಹತ್ತಿ ಊರೂರು ತಿರುಗಬೇಕಾದ ಗಡ್ಡೆ ಅದು. ಇಲ್ಲಿಯದು ನಿಂಬೆಹಣ್ಣಿನ ಗಾತ್ರ, ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ. ಬೇಯಿಸಿ, ಬೆಣ್ಣೆ, ಪುದೀನ ಹಾಕಿ ಕ್ರಿಸ್‌ಮಸ್ ಊಟಕ್ಕೆ ಬಡಿಸುತ್ತಾರೆ.

ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿನ ರೊಟೊಟೂನ ಬಡಾವಣೆಯಲ್ಲಿ ನಮ್ಮ ಮನೆ. ಅಂಗಳ ಅಂಗೈಯಗಲ. ಅದಕ್ಕೇ ನನ್ನ ಗಂಡ ರಮೇಶ, ಮನೆಗೊಂದು ತುಂಡು ನೆಲ ಹಂಚುವ ಸಮುದಾಯ ತೋಟದಲ್ಲಿ ಒಂದು ತುಂಡು ಹಿಡಿದಿದ್ದ. ವಾರವಿಡೀ ಕಂಪ್ಯೂಟರ್ ಮುಂದೆ ಕೂತವನು ಶನಿವಾರ ಬಂತೆಂದರೆ ಗಮ್‌ಬೂಟು ಏರಿಸಿ ಹೊರಡುತ್ತಿದ್ದ. ಇಲ್ಲಿ ಚಳಿಗಾಲ ಮುಗಿಯುವ ಆಗಸ್ಟ್ ಕೊನೆಗೆ ಮೂರು ಸಾಲು ಆಲೂಗಡ್ಡೆ ನೆಟ್ಟು, "ರಿಟೈರ್ ಆದ್ಮೇಲೆ ಊರಲ್ಲೇ ಹಾಕೋಣ ಬಿಡೆ, ಇದು ಬರೀ ಪ್ರಾಕ್ಟೀಸು" ಅಂದಿದ್ದ.

ಅಕ್ಟೋಬರಿನ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತವನು ಏಳಲೇ ಇಲ್ಲ. ಮೈದುನ ಬಂದು ಅಸ್ಥಿಯನ್ನು ಶ್ರೀರಂಗಪಟ್ಟಣಕ್ಕೆ ಒಯ್ದು ಕಾವೇರಿಯಲ್ಲಿ ಬಿಟ್ಟ. ಮಗಳು ಅನಘಾಗೆ ಪರೀಕ್ಷೆ, ನಾನು ಹೋಗಲಾಗಲಿಲ್ಲ. ಊರಿಗೆ ಹೋಗೋಣ ಎನ್ನುತ್ತಿದ್ದವನು ಒಬ್ಬನೇ ಹೋದ. ಇಲ್ಲಿ ನನಗೆ ಉಳಿದದ್ದು ಆ ಮೂರು ಸಾಲು.

ಊರಿಂದ ಅಮ್ಮ ಫೋನಿನಲ್ಲಿ ಪ್ರತಿ ಸಲವೂ ಕೇಳುತ್ತಾಳೆ. "ಮಗೂನ ಕರ್ಕೊಂಡು ಬಂದ್ಬಿಡೆ. ಅಲ್ಲಿ ಇನ್ಯಾರಿದಾರೆ ನಿಂಗೆ?"

"ಆಲೂಗಡ್ಡೆ ಕಿತ್ಮೇಲೆ ಹೇಳ್ತೀನಮ್ಮ" ಎಂದು ಮುಂದೂಡುತ್ತಾ ಬಂದೆ. ನನ್ನ ನೆಪಕ್ಕೆ ನನಗೇ ನಾಚಿಕೆ.

ಡಿಸೆಂಬರಿನಲ್ಲಿ ಬಿಳಿ ಹೂವು ಬಂತು. ಪಕ್ಕದ ತುಂಡಿನ ಜೋನ್, ಎಪ್ಪತ್ತು ದಾಟಿದ ಇಲ್ಲಿಯವಳೇ ಹೆಂಗಸು, ಈಗಲೇ ಕೀಳು ಎಂದಳು. ನಮ್ಮಲ್ಲಿ ಒಣಗಿದ ಮೇಲೆಯೇ ಕೀಳುವುದು ಎಂದು ನಾನು ಹಾಸನದ ಗತ್ತು ತೋರಿಸಿದೆ. ನಿಜ ಬೇರೆಯೇ ಇತ್ತು. ಅವನು ನೆಟ್ಟ ಗಿಡವನ್ನು ಜೀವವಿರುವಾಗಲೇ ಕೀಳುವುದು ನನ್ನ ಕೈಯಲ್ಲಾಗುತ್ತಿರಲಿಲ್ಲ.

ಆಮೇಲೆ ವಾರವಿಡೀ ಮಳೆ ಜಿನುಗಿತು. ಶನಿವಾರ ಅನಘಾಳ ಜೊತೆ ಹೋದರೆ ಎಲೆಯೆಲ್ಲ ಸುಟ್ಟಂತೆ ಕಪ್ಪು. ಅಂಗಮಾರಿ ರೋಗ, ಹಾಸನದವಳಿಗೆ ಅದರ ಗುರುತು ಹೇಳಿಕೊಡಬೇಕೆ? ಎರಡು ಸಾಲು ಅಗೆದೆವು, ಬರೀ ಕೊಳೆತ ನಾತ. ನಾನು ಮಣ್ಣಲ್ಲೇ ಕುಸಿದು ಕುಳಿತು ಅತ್ತೆ. ಜೋನ್ ಹೇಳಿದ ಮಾತು ಕೇಳಿದ್ದರೆ ಅವನ ಬೆಳೆ ಉಳಿಯುತ್ತಿತ್ತು.

"ಸಾರಿ, ಲವ್" ಎಂದು ಜೋನ್ ಪಕ್ಕದ ತುಂಡಿನಿಂದ ಬಂದು ಬೆನ್ನು ಸವರಿದಳು.

ಅನಘಾ ನನ್ನ ಕೈಯಿಂದ ಮಣ್ಣು ಅಗೆಯುವ ಫೋರ್ಕು ಕಿತ್ತುಕೊಂಡಳು. "ಮಮ್ಮಿ, ದೇ ಆರ್ ಡ್ಯಾಡ್ಸ್. ಐ ವಿಲ್ ಡೂ ಇಟ್."

ಮೂರನೆಯ ಸಾಲಿನ ತುದಿಯಲ್ಲಿ ಇನ್ನೂ ಹಸಿರಾಗಿದ್ದ ನಾಲ್ಕು ಗಿಡಗಳನ್ನು ಅವಳೇ ಕಿತ್ತಳು. ಅರ್ಧ ಬಕೆಟ್ ಸಿಕ್ಕಿತು. ಮನೆಗೆ ತಂದು ಒಗ್ಗರಣೆ ಹಾಕಿದೆ, ಜೋನ್ ಕೊಟ್ಟ ಪುದೀನವನ್ನೂ ಉದುರಿಸಿದೆ. ಅನಘಾ ಹೇಳದೆಯೇ ಮೂರು ತಟ್ಟೆ ಇಟ್ಟಳು.

ಮೊದಲ ತುತ್ತಿಗೆ ಅಮ್ಮನ ಫೋನು. "ಕಿತ್ತಾಯ್ತೇನೆ ಆಲೂಗಡ್ಡೆ?"

ನನ್ನ ಉಗುರಿನಲ್ಲಿ ಇನ್ನೂ ಮಣ್ಣಿತ್ತು.

"ಇಲ್ಲಮ್ಮ, ಗಿಡ ಇನ್ನೂ ಹಸಿರಾಗೇ ಇದೆ" ಅಂದೆ.

ಕನ್ನಡ ಆಡದಿದ್ದರೂ ಎಲ್ಲ ಅರ್ಥವಾಗುವ ಅನಘಾ ತಲೆಯೆತ್ತಿ ನನ್ನನ್ನೇ ನೋಡಿದಳು. ಆಮೇಲೆ ಅವಳಪ್ಪನ ತಟ್ಟೆಗೆ ಇನ್ನೊಂದು ಗಡ್ಡೆ ಹಾಕಿದಳು.