ವಾಸು ಭಾವನ ವ್ಯಾನಿನಲ್ಲಿ ಕೋಪರಖೈರಣೆಗೆ

ಭಾನುವಾರ ಬೆಳಿಗ್ಗೆ ಆರೂವರೆಗೆ ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ವಿಠ್ಠಲವಾಡಿಗೆ ಟಿಕೆಟ್ ತೆಗೆದುಕೊಂಡೆ. ಹತ್ತು ರೂಪಾಯಿ. ಹಳಿ ದುರಸ್ತಿಗೆಂದು ಭಾನುವಾರ ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಶುರುವಾಗುವುದು ಹನ್ನೊಂದರ ಸುಮಾರಿಗೆ. ಆರೂವರೆಗೇ ಅದರ ಚಿಂತೆ ಹೊತ್ತು ನಿಂತವನು ಆ ಪ್ಲಾಟ್‌ಫಾರ್ಮಿನಲ್ಲಿ ನಾನೊಬ್ಬನೇ ಇದ್ದಿರಬೇಕು. ಲೋಕಲ್‌ನಲ್ಲಿ ಫ್ಯಾನಿನ ನೇರ ಕೆಳಗೆ ನಿಲ್ಲದೆ ಒಂದು ಅಡಿ ಸರಿದು ನಿಲ್ಲುವ ಮನುಷ್ಯ ನಾನು. ಐವತ್ತೆರಡು ವರ್ಷಗಳಲ್ಲಿ ಒಂದು ಫ್ಯಾನೂ ಕಳಚಿ ಬಿದ್ದದ್ದಿಲ್ಲ. ಹಾಗೆಂದು ಸರಿಯದೆ ಇರಲು ಆಗುವುದಿಲ್ಲ. ಜನವರಿ ತಿಂಗಳು, ಬಾಗಿಲಿನಿಂದ ಬರುತ್ತಿದ್ದ ಗಾಳಿಯನ್ನು ಇಲ್ಲಿಯ ಮಟ್ಟಿಗೆ ಚಳಿ ಎನ್ನಬಹುದಿತ್ತು.

ನಾನು ಹೊರಟಿದ್ದು ವಾಸು ಭಾವನ ಅಡುಗೆಶಾಲೆಗೆ. ವಾಸು ಭಾವ ಎಂದರೆ ನನ್ನ ಅಕ್ಕನ ಗಂಡ, ಉಡುಪಿ ಕಡೆಯವರು. ಮನೆ ಡೊಂಬಿವಲಿಯಲ್ಲಿ. ಅಡುಗೆಗೆಂದು ವಿಠ್ಠಲವಾಡಿ ಸ್ಟೇಷನ್ನಿನ ಹಿಂದೆ ಒಂದು ದೊಡ್ಡ ಕೋಣೆ ಬಾಡಿಗೆಗೆ ಹಿಡಿದು ಭಾನುವಾರಗಳಲ್ಲಿ ಮುಂಜಿ, ಸೀಮಂತಗಳಿಗೆ ಅಡುಗೆ ಮಾಡಿ ತಮ್ಮ ವ್ಯಾನಿನಲ್ಲಿ ಒಯ್ದು ಬಡಿಸುತ್ತಾರೆ. ಉಳಿದ ಆರು ದಿನ ಅದೇ ವ್ಯಾನಿನಲ್ಲಿ ಡೊಂಬಿವಲಿಯ ಒಂಬತ್ತು ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುತ್ತಾರೆ. ವ್ಯಾನಿಗೆ ಹದಿನೇಳು ವರ್ಷ. ಸೋಮವಾರ ಮಕ್ಕಳು ಸಾಂಬಾರಿನ ವಾಸನೆಗೆ ಮೂಗು ಮುಚ್ಚಿಕೊಳ್ಳಬಾರದೆಂದು ಭಾವ ಪ್ರತಿ ಭಾನುವಾರ ಸಂಜೆ ಅದರ ನೆಲಕ್ಕೆ ಬಕೆಟ್ಟುಗಟ್ಟಲೆ ನೀರು ಹೊಯ್ದು ತೊಳೆಯುತ್ತಾರೆ. ದೇವಸ್ಥಾನದ ಅಡುಗೆಮನೆಯನ್ನೂ ಇಷ್ಟು ತೊಳೆಯುವುದಿಲ್ಲ ಎಂದು ಅಕ್ಕ ಹೇಳುವುದುಂಟು.

ನನ್ನನ್ನು ಕರೆಸಿದ್ದಕ್ಕೆ ಕಾರಣ ಹುಳಿಯ ಪಾತ್ರೆ. ಹಿಂದೆ ಇಟ್ಟರೆ ಅದು ತುಳುಕುತ್ತದೆ. ಆದ್ದರಿಂದ ಮುಂದಿನ ಸೀಟಿನಲ್ಲಿ ಕೂತವರು ಎರಡು ಕಾಲುಗಳ ನಡುವೆ ಅವುಚಿ ಹಿಡಿದುಕೊಳ್ಳಬೇಕು. ವರ್ಷಗಳಿಂದ ಆ ಕೆಲಸ ಅಕ್ಕನದು. ಈ ಸಲ ಅವಳ ಮಂಡಿ ಊದಿತ್ತು. ನಾನು ಹೋದಾಗ ಸ್ಟೂಲಿನ ಮೇಲೆ ಕೂತು ಅನಾನಸ್ ಮೆಣಸ್ಕಾಯಿಯ ಉಪ್ಪು ನೋಡುತ್ತಿದ್ದಳು. ಅಂಗೈಗೆ ಒಂದು ತೊಟ್ಟು ಹಾಕಿ, "ಬಂದೆಯಾ? ದಾರಿಯಲ್ಲಿ ಹೆದರ್ಲಿಕ್ಕೆ ನಿನಗೆ ಬೇಕಾದಷ್ಟು ಸಿಕ್ತದೆ. ಪಾತ್ರೆ ಮಾತ್ರ ಬಿಡಬೇಡ," ಎಂದಳು.

ಎಂಟೂ ಕಾಲಿಗೆ ಹೊರಟೆವು. ಕೋಪರಖೈರಣೆಯಲ್ಲಿ ಒಂದು ಸೀಮಂತ, ಎಪ್ಪತ್ತು ಎಲೆ. ದೂರ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಕಲ್ಯಾಣ ಪೂರ್ವದ ಗಲ್ಲಿಗಳನ್ನು ದಾಟುವಷ್ಟರಲ್ಲಿ ನನಗೆ ಒಂದು ಸಂಗತಿ ಕಾಣಿಸಿತು. ತಿರುವು ಬರುವ ಮೊದಲೇ ಭಾವ ಸ್ಟೇರಿಂಗ್ ತಿರುಗಿಸುತ್ತಿದ್ದರು. ರಸ್ತೆ ನೆಟ್ಟಗಿದ್ದರೂ ಅವರ ಕೈ ಬಲಕ್ಕೆ ಒಂದು ಗೇಣು ಎಳೆದು ಹಿಡಿದಿತ್ತು. ಗುಂಡಿಯಲ್ಲಿ ಇಳಿದಾಗೆಲ್ಲ ನನ್ನ ಪಾದದ ಕೆಳಗೆಲ್ಲೋ ಟಕ್ ಎಂದು ಒಂದು ಸದ್ದು. ಬಾಗಿಲು ಬಡಿಯುವ ಸದ್ದಲ್ಲ. ಮುದುಕರು ಎದ್ದು ನಿಂತಾಗ ಮಂಡಿಯಲ್ಲಿ ಬರುವಂಥದ್ದು.

ಕೇಳಿದೆ. ಎಂತದೂ ಇಲ್ಲ, ಇದು ಎಡಕ್ಕೆ ಸ್ವಲ್ಪ ಎಳೀತದೆ, ಹಿಡಿದುಕೊಂಡರೆ ಸಾಕು ಎಂದರು. ಹಳೆಯ ಗಾಡಿಗೆ ಅದರದ್ದೇ ಒಂದು ಸ್ವಭಾವ ಇರುತ್ತದಂತೆ; ಗೊತ್ತಿದ್ದವನಿಗೆ ಅದು ತೊಂದರೆಯೇ ಅಲ್ಲವಂತೆ. ನಾನು ಪಾತ್ರೆಯನ್ನು ಇನ್ನಷ್ಟು ಅವುಚಿಕೊಂಡೆ. ನನ್ನ ಮಾತಿಗೆ ಬೆಲೆ ಇಲ್ಲದಿರುವುದಕ್ಕೆ ನಾನೇ ಹೊಣೆ. ಇದೇ ವ್ಯಾನಿನ ಹಾರ್ನು, ವೈಪರು, ಸ್ಟೆಪ್ನಿ, ಕೊನೆಗೆ ಗಣಪತಿಯ ಮುಂದೆ ಭಾವ ಕಟ್ಟಿದ್ದ ಹೂವಿನ ಮಾಲೆಗೆ ಬೆಂಕಿ ಹತ್ತೀತೇ ಎಂಬವರೆಗೆ ನಾನು ಚಿಂತೆ ಮಾಡಿ ಮುಗಿಸಿದ್ದೆ. ಹತ್ತು ಸಲ ಸುಳ್ಳಾದವನು ಹನ್ನೊಂದನೆಯ ಸಲ ಬಾಯಿ ತೆರೆದರೆ ಯಾರು ಕೇಳುತ್ತಾರೆ?

ಶೀಳ್ ರಸ್ತೆಯಲ್ಲಿ ಡೊಂಬಿವಲಿ ಹಾಯುವಾಗ ಭಾವ ಕಟ್ಟಡಗಳನ್ನು ತೋರಿಸಿದರು. ಆ ನೀಲಿ ಬಾಲ್ಕನಿಯಿಂದ ಎರಡನೆಯ ಕ್ಲಾಸಿನ ಹುಡುಗಿ, ಎಲ್ಲರಿಗಿಂತ ಮೊದಲು ಹತ್ತುವವಳು. ಅದರ ಹಿಂದಿನ ಬಿಲ್ಡಿಂಗಿನಲ್ಲಿ ಅಣ್ಣ ತಮ್ಮ. ದಿನಾ ಕಿಟಕಿಗೆ ಜಗಳ. ಒಬ್ಬೊಬ್ಬರ ಡಬ್ಬಿಯಲ್ಲಿ ಏನಿರುತ್ತದೆಂಬುದೂ ಭಾವನಿಗೆ ಗೊತ್ತು. ಅವರಿಗೆ ಸ್ವಂತ ಮಕ್ಕಳಿಲ್ಲ. ಅದನ್ನು ಅವರು ಯಾವತ್ತೂ ಮಾತಿಗೆ ತಂದವರಲ್ಲ, ನಾವೂ ತರುವುದಿಲ್ಲ.

ಶೀಳ್ ಫಾಟಾದ ಕೂಡುರಸ್ತೆಯಲ್ಲಿ ಲಾರಿಗಳ ನಡುವೆ ಇಪ್ಪತ್ತು ನಿಮಿಷ ನಿಂತೆವು. ಅಲ್ಲಿಂದ ಮಹಾಪೆಯ ಇಳಿಜಾರು. ಹುಳಿಯ ಬಿಸಿ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಎಡಗಡೆ ಒಂದು ಟ್ಯಾಂಕರ್ ನಮಗೆ ಸಮವಾಗಿ ಇಳಿಯುತ್ತಿತ್ತು, ಬಾಗಿಲಿನಿಂದ ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಒಂದು ಗುಂಡಿ ಬಂತು, ಟಕ್ ಎಂದಿತು; ವ್ಯಾನು ಆ ಕಡೆ ವಾಲಿತು. ಭಾವ ಸ್ಟೇರಿಂಗನ್ನು ಬಲಕ್ಕೆ ಎಳೆದರು. ಅರ್ಧ ಸುತ್ತು ತಿರುಗಿದರೂ ವ್ಯಾನು ಕೇಳಲಿಲ್ಲ, ಆಮೇಲೆ ಕೇಳಿತು. ಅಷ್ಟೇ. ಹುಳಿ ಒಂದು ಲೋಟದಷ್ಟು ಚೆಲ್ಲಿತು. ಟ್ಯಾಂಕರ್ ಮುಂದೆ ಹೋಯಿತು. ಭಾವ ಸೊಂಟದ ಬೈರಾಸಿನಿಂದ ಹಣೆ ಒರೆಸಿಕೊಂಡು, ಹುಳಿ ಎಷ್ಟು ಹೋಯಿತೆಂದು ಕೇಳಿದರು.

ಸೀಮಂತದ ಹಾಲ್ ಮಾರ್ಕೆಟ್ಟಿನ ಹತ್ತಿರ, ಒಂದನೆಯ ಮಹಡಿಯಲ್ಲಿ. ಹಸಿರು ಬಳೆ ತೊಟ್ಟ ಹುಡುಗಿ ಕುರ್ಚಿಯಲ್ಲಿ ಕೂತಿದ್ದಳು. ಹಿರಿಯರು ಕನ್ನಡದಲ್ಲಿ ಹರಸಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಭಾವ ಬಡಿಸಲು ನಿಂತರು. ಆಗ ವಾಚ್‌ಮನ್ ಬಂದು ವ್ಯಾನು ಹಿಂದೆ ಸರಿಸಿ ಎಂದ. ನನ್ನ ಹತ್ತಿರ ಲೈಸೆನ್ಸ್ ಇದೆ, ಅಭ್ಯಾಸ ಕಡಿಮೆ. ಕೀಲಿ ತೆಗೆದುಕೊಂಡು ಇಳಿದೆ.

ನಡೆಯುವಷ್ಟು ವೇಗವೂ ಇರಲಿಲ್ಲ. ಸ್ಟೇರಿಂಗ್ ತಿರುಗಿಸಿದೆ; ಅದು ನೀರಿನಲ್ಲಿ ಸೌಟು ತಿರುಗಿಸಿದ ಹಾಗೆ ತಿರುಗಿತು, ಗಾಡಿ ನೆಟ್ಟಗೇ ಹೋಯಿತು. ಗೋಡೆಗೆ ತಾಗಿ ನಿಂತೆ. ಗೋಡೆಗೂ ಬಂಪರಿಗೂ ಏನೂ ಆಗಲಿಲ್ಲ. ಅಲ್ಲಿ ನಿಂತಿದ್ದವರು ನಕ್ಕರು. ನಾನೂ ನಕ್ಕೆ, ನನ್ನ ಡ್ರೈವಿಂಗಿಗೆ. ಮೇಲೆ ಹೋಗಿ ಭಾವನಿಗೆ ಹೇಳಿದಾಗ ಅವರು ಪಾಯಸ ಬಡಿಸುತ್ತಲೇ, "ಅದಕ್ಕೆ ಮೊದಲೇ ತಿರುಗಿಸಬೇಕು ಮಾರಾಯ, ಗೋಡೆ ಬಂದ ಮೇಲೆ ಅಲ್ಲ," ಎಂದರು.

ಆ ಮಾತು ಕೇಳಿ ನನ್ನ ನಗು ನಿಂತಿತು. ಊಟ ಮುಗಿದು ಪಾತ್ರೆಗಳನ್ನು ಇಳಿಸುವಾಗ, ಗ್ಯಾರೇಜಿಗೆ ತೋರಿಸದೆ ನಾನು ಈ ಗಾಡಿ ಹತ್ತುವುದಿಲ್ಲ ಎಂದೆ. ಹಾಗಾದರೆ ನಡೆದುಕೊಂಡು ಹೋಗು ಎಂದರು. ಹೋಗುತ್ತೇನೆ, ಆದರೆ ನಾಳೆ ಆ ಒಂಬತ್ತು ಜನ ನಡೆದುಕೊಂಡು ಹೋಗುವ ಹಾಗಿಲ್ಲವಲ್ಲ ಎಂದೆ. ಭಾವನಿಗೆ ಸಿಟ್ಟು ಬಂತು. ಮೂವತ್ತು ವರ್ಷ ಬೇರೆ ಬೇರೆ ಗಾಡಿಗಳನ್ನು ಒಂದು ಗೀರೂ ಬೀಳದ ಹಾಗೆ ಓಡಿಸಿದವರು ಅವರು. ಗೋಡೆಗೆ ಗುದ್ದಿದವನು ನಾನು. ಕೊನೆಗೆ, ನನ್ನ ಬಾಯಿ ಮುಚ್ಚಿಸಲಿಕ್ಕೆ ಎಂದೇ ಹೇಳಿ, ಒಪ್ಪಿದರು. ಹಾಲ್‌ನವರು ರಬಾಳೆಯಲ್ಲಿ ಭಾನುವಾರವೂ ತೆರೆದಿರುವ ಒಂದು ಗ್ಯಾರೇಜಿನ ದಾರಿ ಹೇಳಿದರು. ನಾಲ್ಕೈದು ಕಿಲೋಮೀಟರು. ಹತ್ತುವುದಿಲ್ಲ ಎಂದಿದ್ದವನು ಹತ್ತಿದೆ, ಅವರನ್ನು ಒಬ್ಬರನ್ನೇ ಕಳಿಸಲು ಮನಸ್ಸು ಬರಲಿಲ್ಲ. ಇಪ್ಪತ್ತರ ವೇಗದಲ್ಲಿ, ಹಿಂದಿನವರ ಬೈಗುಳ ಕೇಳುತ್ತ ಹೋದೆವು.

ರಬಾಳೆಯ ಕಾರ್ಖಾನೆಗಳೆಲ್ಲ ಬಾಗಿಲು ಹಾಕಿದ್ದವು. ಗ್ಯಾರೇಜು ಒಂದು ತಗಡಿನ ಶೆಡ್ಡು. ಮೇಸ್ತ್ರಿ ಅರವತ್ತರ ಹತ್ತಿರದವನು, ಹೆಸರು ಸಿದ್ದಪ್ಪ. ನಾವಿಬ್ಬರೂ ಮನೆಮಾತಾದ ತುಳುವಿನಲ್ಲಿ ಜಗಳವಾಡುವುದನ್ನು ನೋಡಿ ಯಾವೂರು ಎಂದು ಹಿಂದಿಯಲ್ಲಿ ಕೇಳಿದ. ಉಡುಪಿ ಎಂದ ಕೂಡಲೇ ವಿಜಾಪುರದ ಕನ್ನಡಕ್ಕೆ ಬಂದ. ಜಾಕ್ ಏರಿಸಿ ಎಡಗಡೆಯ ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಗಾಲಿ ಹಾಲುಹಲ್ಲಿನ ಹಾಗೆ ಅಲ್ಲಾಡಿತು. ಸ್ಟೇರಿಂಗಿನಿಂದ ಗಾಲಿಗೆ ಹೋಗುವ ಸರಳಿನ ತುದಿಯಲ್ಲಿ ಒಂದು ಗುಂಡಿನಂಥ ಕೀಲು ಇರುತ್ತದೆ, ಅದಕ್ಕೆ ರಬ್ಬರಿನ ಟೊಪ್ಪಿ. ಟೊಪ್ಪಿ ಹರಿದಿತ್ತು. ಒಳಗೆ ಗ್ರೀಸ್ ಇರಬೇಕಾದಲ್ಲಿ ಕೆಂಪು ತುಕ್ಕು. ಕೀಲು ಅರ್ಧ ಸವೆದು, ಇನ್ನೊಂದು ಒಳ್ಳೆಯ ಗುಂಡಿ ಸಿಕ್ಕಿದ್ದರೆ ಕಳಚಿಕೊಳ್ಳುವ ಹಾಗಿತ್ತು.

"ಎಷ್ಟ ದಿವ್ಸ ಆತ್ರಿ, ಹಿಂಗ ಎಳಿಯಾಕತ್ತು?" ಎಂದು ಸಿದ್ದಪ್ಪ ಕೇಳಿದ.

ಮಳೆಗಾಲದಿಂದ ಇರಬೇಕು ಎಂದರು ಭಾವ.

"ಅಂದ್ರ ಗಾಡಿ ಮಳಿಗಾಲದಾಗ ಹೇಳೇತಿ. ನಿಮ್ಮ ಕೈ ಭಾಳ ಛಲೋ ಐತ್ರಿ, ಅದಕ್ಕ ನಿಮಗ ಕೇಳ್ಸಿಲ್ಲ. ಹೊಸಬ ಆಗಿದ್ರ ಹೆದರಿ ಮರುದಿನಾನ ತರ್ತಿದ್ದ."

ಭಾವ ತಮ್ಮ ಅಂಗೈ ನೋಡಿಕೊಂಡರು.

ಆಮೇಲೆ ಸಿದ್ದಪ್ಪ ಟಾರ್ಚ್ ಹಿಡಿದು, ಬರೇ ಇಲ್ಲಿ ಮಾತ್ರ ಇಷ್ಟು ತುಕ್ಕು ಹೇಗೆ, ನೀರು ಎಲ್ಲಿಂದ ಬೀಳುತ್ತದೆ ಎಂದು ಹುಡುಕಿದ. ನಾನೂ ಬಗ್ಗಿ ನೋಡಿದೆ. ಕೀಲಿನ ಸರಿಯಾಗಿ ಮೇಲೆ, ವ್ಯಾನಿನ ನೆಲದಲ್ಲಿ, ನಾಲ್ಕಾಣೆಯಷ್ಟು ಅಗಲದ ಒಂದು ತೂತಿನಿಂದ ಬೆಳಕು ಬರುತ್ತಿತ್ತು. ಆ ತೂತು ನನಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ, ತೊಳೆದ ನೀರು ನೆಲದಲ್ಲಿ ನಿಂತು ಭಾವನ ಕಾಲು ಬ್ರೇಕಿನಿಂದ ಜಾರಿದರೆ ಎಂದು ಎರಡು ವಾರ ಅವರ ತಲೆ ತಿಂದು, ಡ್ರಿಲ್ ತಂದು, ಪಕ್ಕದಲ್ಲಿ ನಿಂತು, ನೀರು ಹರಿದು ಸೇರುವ ಎಡಮೂಲೆಯಲ್ಲಿ ತೂತು ಹೊಡೆಸಿದವನು ನಾನು. ಅವತ್ತಿನಿಂದ ಪ್ರತಿ ಭಾನುವಾರ ಹುಣಿಸೆಹುಳಿ, ಉಪ್ಪು, ಬಕೆಟ್ಟುಗಟ್ಟಲೆ ನೀರು ಎಲ್ಲ ಆ ತೂತಿನಿಂದ ಇಳಿದು ಆ ಒಂದು ಕೀಲಿನ ಮೇಲೆ ಬಿದ್ದಿತ್ತು. ನನ್ನ ಬದುಕಿನಲ್ಲಿ ಜನ ಒಪ್ಪಿ ನಡೆಸಿಕೊಟ್ಟ ಚಿಂತೆ ಇದೊಂದೇ.

ಭಾವ ನನ್ನ ಕಡೆ ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ನಾಳೆ ಒಂದು ದಿನ ನಿಧಾನ ಓಡಿಸಿದರೆ ಆದೀತೇ ಎಂದು ಸಿದ್ದಪ್ಪನನ್ನು ಕೇಳಿದರು.

"ಗಾಡಿ ನಿಮ್ದು, ನಾ ಯಾರ್ರಿ ಬ್ಯಾಡ ಅನ್ನಾಕ? ಒಳಗ ಯಾರ್ನ ಕೂಡ್ಸತೀರಿ?"

ಶಾಲೆ ಮಕ್ಕಳು ಎಂದು ನಾನು ಹೇಳಿದೆ. ಸಿದ್ದಪ್ಪ ಮತ್ತೊಂದು ಮಾತಾಡದೆ ಪಾನಾ ತೆಗೆದುಕೊಂಡು ಗಾಲಿ ಬಿಚ್ಚಿದ, ಉರುಳಿಸಿಕೊಂಡು ಹೋಗಿ ಶೆಡ್ಡಿನ ಒಳಗೋಡೆಗೆ ಆನಿಸಿ ಇಟ್ಟ. ಬಿಡಿಭಾಗ ಸಿಗುವುದು ಗುರುವಾರವಂತೆ; ಬಲಗಡೆಯದನ್ನೂ ಜೊತೆಗೆ ಬದಲಿಸಬೇಕಂತೆ. ತೂತಿಗೆ ಬೆಸುಗೆ ಹಾಕುವುದನ್ನು ಮರೆಯಬೇಡಿ ಎಂದು ನಾನು ಹೇಳಿದೆ. ಪಾತ್ರೆಗಳನ್ನೆಲ್ಲ ವ್ಯಾನಿನಲ್ಲೇ ಬಿಟ್ಟು ಸ್ಟೇಷನ್ನಿಗೆ ನಡೆದೆವು. ತಿರುಗಿ ನೋಡಿದಾಗ ವ್ಯಾನು ಒಂದು ಕಾಲು ಮಡಿಚಿದ ದನದ ಹಾಗೆ ನಿಂತಿತ್ತು.

ರಬಾಳೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಭಾವ ಮಕ್ಕಳ ಮನೆಗಳಿಗೆ ಫೋನು ಹಚ್ಚಿದರು. ನಂಬರುಗಳು ಅವರ ಕಿಸೆಯ ಚೀಟಿಯಲ್ಲಿದ್ದವು. ಕನ್ನಡಕ ವ್ಯಾನಿನಲ್ಲೇ ಉಳಿದಿದ್ದರಿಂದ ನಾನು ಓದಿದೆ, ಅವರು ಒತ್ತಿದರು. ಮೊದಲ ಮೂರು ಮನೆಗಳಿಗೆ, ಗಾಡಿ ಸರ್ವಿಸಿಂಗಿಗೆ ಬಿಟ್ಟಿದ್ದೇನೆ, ಗುರುವಾರದವರೆಗೆ ಬರುವುದಿಲ್ಲ ಎಂದರು. ಯಾರೂ ಹೆಚ್ಚು ಕೇಳಲಿಲ್ಲ. ನಾನೂ ಸುಮ್ಮನಿದ್ದೆ. ಸುಳ್ಳೂ ಅಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅಣ್ಣ ತಮ್ಮಂದಿರ ತಂದೆಗೆ ಫೋನು ಹೋಗುವವರೆಗೆ.

ಆತ ಮರಾಠಿಯಲ್ಲಿ, ಗಂಭೀರದ್ದೇನೂ ಅಲ್ಲವಷ್ಟೇ ಎಂದು ಕೇಳಿದ. ಬರೀ ಉಪಚಾರಕ್ಕೆ ಕೇಳಿದ್ದು. ಭಾವ ಕಣ್ಣು ಮುಚ್ಚಿಕೊಂಡರು. "ಗಂಭೀರದ್ದೇ," ಎಂದರು. ಸ್ಟೇರಿಂಗ್ ಕಳಚುವುದರಲ್ಲಿತ್ತು, ಮಳೆಗಾಲದಿಂದ ಹಾಗೇ ಓಡಿಸಿದ್ದೇನೆ, ನನಗೆ ಗೊತ್ತಾಗಲಿಲ್ಲ, ಗೊತ್ತಾಗಬೇಕಿತ್ತು ಎಂದೂ ಹೇಳಿದರು. ಆತ ಏನೇನೋ ಹೇಳುತ್ತಲೇ ಇದ್ದ. ಭಾವ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು.

ಉಳಿದ ಮನೆಗಳಿಗೆ ಹಚ್ಚುವ ಮೊದಲೇ ಠಾಣೆಗೆ ಹೋಗುವ ಲೋಕಲ್ ಬಂತು. ಠಾಣೆಯಲ್ಲಿ ನಾನು ಮನೆಗೆ, ಅವರು ಡೊಂಬಿವಲಿಗೆ. ಆದರೆ ಕಲ್ಯಾಣದ ಲೋಕಲ್ ಬಂದು ನಿಂತರೂ ಭಾವ ಹತ್ತಲಿಲ್ಲ. ಬೆಂಚು ಹುಡುಕಿ ಕೂತು, "ಮೊದಲಿನ ನಂಬರ್ ಇನ್ನೊಮ್ಮೆ ಓದು," ಎಂದರು.

ನೀಲಿ ಬಾಲ್ಕನಿಯ ಮನೆ ಅದು. ಭಾವ ಎಲ್ಲವನ್ನೂ ಹೇಳಿದರು. ತೂತಿನ ಸಂಗತಿ ಬಂದಾಗ ನನ್ನ ಹೆಸರು ಎತ್ತಲಿಲ್ಲ, ತಾವೇ ಹೊಡೆದದ್ದು ಎಂದರು. ಆಮೇಲೆ ಆ ಹುಡುಗಿಯ ತಾಯಿಯ ದನಿ ನನಗೂ ಕೇಳಿಸಿತು: "ಅವಳು ಮುಂದಿನ ಸೀಟಿನಲ್ಲೇ ಕೂರುತ್ತಿದ್ದಳಲ್ಲ, ಕಾಕಾ?"

"ಹೌದಮ್ಮ," ಎಂದರು ಭಾವ.

ಫೋನು ಕಟ್ಟಾಯಿತು. ಅವರು ಅದನ್ನು ಪಂಚೆಗೆ ಒರೆಸಿ, ಮತ್ತೆ ಬೆಳಗಿಸಿ, ನನ್ನ ಕಡೆ ತಿರುಗದೆ ಕಾದರು. ಕಲ್ಯಾಣದ ಇನ್ನೊಂದು ಲೋಕಲ್ ಬಂದು ಜನರನ್ನು ಇಳಿಸುತ್ತಿತ್ತು. ನಾನು ಚೀಟಿಯನ್ನು ಬೆಳಕಿಗೆ ಹಿಡಿದು ಎರಡನೆಯ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದೆ.