ಎಂಟು ನೈಲಾನ್ ಬುಶ್‌ಗಳ ಬೆನ್ನು ಹತ್ತಿ

ಬುಧವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಮಾಗಡಿ ಬಿಟ್ಟೆ. ಕೈಯಲ್ಲಿ ಒಂದು ಬಟ್ಟೆ ಚೀಲ, ಅದರಲ್ಲಿ ಎರಡು ಸೀರೆ, ಅಳತೆಯ ವರ್ನಿಯರ್, ಒಂದು ಬೆಂಕಿಪೊಟ್ಟಣ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ ಎಂದು ನಮ್ಮ ಯಜಮಾನರು ಆಡಿಕೊಳ್ಳುತ್ತಾರೆ. ಅವರ ಮಾತು ಸುಳ್ಳೇನಲ್ಲ. ಆದರೆ ಆ ದಿನ ನಾನು ಊರು ನೋಡುವ ಚಪಲಕ್ಕೆ ಹೊರಟಿರಲಿಲ್ಲ. ನಾನೇ ಮಾಡಿದ ಎಡವಟ್ಟನ್ನು ಸರಿಪಡಿಸಲು ಹೊರಟಿದ್ದೆ.

ಎಡವಟ್ಟು ಇಷ್ಟು. ಬಿಡದಿಯ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಮಾಲು ಪರೀಕ್ಷಿಸುವ ಕೆಲಸ ಮಾಡಿದವಳು ನಾನು. ಪಕ್ಕದ ಮೇಜಿನಲ್ಲಿದ್ದ ಷಮೀಮಾ ಕೆಲಸ ಬಿಟ್ಟು ಈಗ ರಾಮನಗರದ ಗಂಡನ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಘಟಕ ನಡೆಸುತ್ತಾಳೆ. ತಿಂಗಳ ಹಿಂದೆ ಅಲ್ಲಿಗೆ ಹೋಗಿದ್ದಾಗ ಅವಳದು ಒಂದೇ ಗೋಳು. ರಾಟೆಗಳನ್ನು ತಿರುಗಿಸುವ ಶಾಫ್ಟು ಹಿತ್ತಾಳೆ ಬುಶ್‌ಗಳಲ್ಲಿ, ಅಂದರೆ ಬಳೆಯಂಥ ಗಿಡ್ಡ ಕೊಳವೆಗಳಲ್ಲಿ ಕೂತಿತ್ತು, ಅದಕ್ಕೆ ದಿನಾ ಎಣ್ಣೆ ಬಿಡಬೇಕು, ಆ ಎಣ್ಣೆ ಸಿಡಿದು ಬಿಳಿ ನೂಲಿನ ಮೇಲೆ ಕಪ್ಪು ಚುಕ್ಕೆ. ನಾನು ಬಾಯಿ ಸುಮ್ಮನಿರಲಾರದೆ, "ನೈಲಾನ್ ಬುಶ್ ಹಾಕು, ಎಣ್ಣೆ ಮುಖಾನೇ ನೋಡಬೇಕಾಗಿಲ್ಲ" ಎಂದೆ. ನಾನೇ ಮುಂದೆ ನಿಂತು ಎಂಟು ಬುಶ್ ಮಾಡಿಸಿ, ಬೆರಳಿಗೆ ಉಂಗುರ ಕೂರುವಷ್ಟು ಬಿಗಿಯಾಗಿ ಕೂರಿಸಿ, ಅವರ ಮನೆಯ ಬಿರಿಯಾನಿ ತಿಂದು ಬಂದಿದ್ದೆ. ಮಂಗಳವಾರ ಸಂಜೆ ಫೋನು ಬಂತು.

"ಗಿರಿಜಕ್ಕಾ, ಶಾಫ್ಟ್ ಅಲ್ಲಾಡ್ತಾ ಇಲ್ಲ. ನಿಮ್ಮ ಬುಶ್ಶು ಹಿಡ್ಕೊಂಡು ಕೂತಿದೆ. ಅರವತ್ತು ಕಿಲೋ ಗೂಡು ಮನೇಲಿದೆ. ಶನಿವಾರ ಬೆಳಿಗ್ಗೆ ಹೊತ್ತಿಗೆ ಚಿಟ್ಟೆ ಎದ್ದುಬಿಡ್ತವೆ."

ರೇಷ್ಮೆ ಗೂಡಿನೊಳಗೆ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬಂದರೆ ಮುಗಿಯಿತು, ಆ ಗೂಡಿನಿಂದ ಕಡಿಯದ ಎಳೆ ಬರುವುದಿಲ್ಲ. ಬಿಸಿಲಿಗೆ ಒಣಗಿಸಿ ಹುಳು ಕೊಲ್ಲೋಣವೆಂದರೆ ಆಷಾಢದ ಮೋಡ. ಗೂಡಿನ ಮಾರುಕಟ್ಟೆಯ ಬಿಸಿಗಾಳಿ ಕೋಣೆಯಲ್ಲಿ ಮೂರು ದಿನದವರೆಗೆ ಸರದಿ ತುಂಬಿತ್ತು. ಶುಕ್ರವಾರ ಸಂಜೆಯೊಳಗೆ ಶಾಫ್ಟು ತಿರುಗಿ ಅಷ್ಟೂ ಗೂಡು ನೂಲಾಗಬೇಕು. ಇಲ್ಲವಾದರೆ ಒಂದು ಮನೆಯ ಬಂಡವಾಳವನ್ನು ನನ್ನ ಜಂಬ ತಿಂದುಹಾಕಿದ ಹಾಗೆ.

ಬಸ್ಸಿನಲ್ಲಿ ಆತಂಕ ಮರೆಯಲು ನನ್ನ ಹಳೆಯ ಚಾಳಿ ಶುರುವಾಯಿತು. ಸಿಕ್ಕಿದ ಪ್ಲಾಸ್ಟಿಕ್ಕನ್ನೆಲ್ಲ ಉಗುರಿನಿಂದ ತಟ್ಟಿ ನೋಡುವುದು ನನಗೆ ಅಂಟಿದ ರೋಗ. ಪಕ್ಕದಲ್ಲಿ ಕೂತವನ ತೊಡೆಯ ಮೇಲಿನ ಹೆಲ್ಮೆಟ್ ತಟ್ಟಿದೆ.

"ಅಕ್ಕೋ, ಅದು ನನ್ದು" ಎಂದ.

"ಗೊತ್ತು ಕಣಪ್ಪ. ಮೇಲಿನ ಚಿಪ್ಪು ಎಬಿಎಸ್. ಮುಂದಿರೋದು ಗಾಜಲ್ಲ, ಪಾಲಿಕಾರ್ಬೊನೇಟ್. ಸುತ್ತಿಗೇಲಿ ಹೊಡೆದ್ರೂ ಒಡೆಯಲ್ಲ. ಪೆಟ್ರೋಲ್ ಬಟ್ಟೇಲಿ ಮಾತ್ರ ಒರೆಸಬೇಡ, ಬಿರುಕು ಬಿಡುತ್ತೆ."

"ಅಯ್ಯೋ, ನಾನು ದಿನಾ ಅದ್ರಲ್ಲೇ ಒರ್ಸೋದು!" ಎಂದು ಅವನು ಹೆಲ್ಮೆಟ್ಟನ್ನು ಬೆಳಕಿಗೆ ಹಿಡಿದ. ಜೇಡನ ಕಾಲಿನಂಥ ಗೆರೆಗಳು ಮೂಡಿದ್ದವು. ಮುಂದಿನ ಸೀಟಿನ ಮುದುಕಿಯೊಬ್ಬರು ತಮ್ಮ ಎಲೆಅಡಿಕೆ ಡಬ್ಬಿಯನ್ನು ನನ್ನ ಕೈಗಿತ್ತು, "ಇದ್ರ ಜಾತ್ಕ ಒಸಿ ಹೇಳವ್ವ" ಎಂದರು. ಅದು ಬರೀ ಪಾಲಿಪ್ರೊಪಿಲೀನ್. ಮುಚ್ಚಳದ ಮಡಿಕೆಯನ್ನು ಲಕ್ಷ ಸಲ ಬಗ್ಗಿಸಿದರೂ ಮುರಿಯದು ಎಂದೆ. ಮುದುಕಿ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಾಮನಗರದವರೆಗೆ ಬೀಗುತ್ತಾ ಬಂದರು.

ಒಂಬತ್ತಕ್ಕೆ ಷಮೀಮಾಳ ಮನೆ ಮುಟ್ಟಿದೆ. ಘಟಕದೊಳಗೆ ಎಂದಿನ ಹಬೆ, ಬೆಂದ ಹುಳುವಿನ ವಾಸನೆ. ಆದರೆ ರಾಟೆಗಳ ಸದ್ದಿಲ್ಲ. ಷಮೀಮಾಳ ಅತ್ತೆ ಮಹಬೂಬಿ ಮೊದಲನೆಯ ಬೇಸಿನ್ನಿನ ಮುಂದೆ ಸುಮ್ಮನೆ ಕೂತಿದ್ದರು. ಬಿಸಿನೀರಲ್ಲಿ ನಲವತ್ತು ವರ್ಷ ಗೂಡು ಬಿಚ್ಚಿ ಬಿಚ್ಚಿ ಬೆಳ್ಳಗಾದ ಬೆರಳುಗಳು. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದರು. ನನಗೆ ನೆಲಕ್ಕಿಳಿದು ಹೋದಂತಾಯಿತು.

ಕಿತ್ತು ಬಿಸಾಕಿದ್ದ ಬುಶ್ಶಿನ ಚೂರು ಮುಟ್ಟಿದೊಡನೆ ವಿಷಯ ತಿಳಿಯಿತು. ನೈಲಾನ್ ನೀರು ಕುಡಿಯುವ ಜಾತಿ. ಈ ಹಬೆಯಲ್ಲಿ ತಿಂಗಳಿಡೀ ಕುಡಿದು ಕುಡಿದು ಊದಿತ್ತು. ಹೊರಗಡೆ ಕಬ್ಬಿಣದ ಕವಚ ಬಿಗಿಯಾಗಿದ್ದರಿಂದ ಒಳಮುಖವಾಗಿ ಊದಿ ಶಾಫ್ಟಿನ ಕತ್ತು ಹಿಸುಕಿತ್ತು. ಕಾರ್ಖಾನೆಯಲ್ಲಿ ದಿನಾ ಬೆಳಿಗ್ಗೆ ನೈಲಾನ್ ಕಾಳುಗಳನ್ನು ಒಣಗಿಸದೆ ಅಚ್ಚಿಗೆ ಹಾಕಬಾರದೆಂದು ಹೊಸಬರಿಗೆ ಬೈದು ಹೇಳುತ್ತಿದ್ದವಳು ನಾನೇ. ಕಾಳಿನ ವಿಷಯದಲ್ಲಿದ್ದ ಬುದ್ಧಿ ಬುಶ್ಶಿನ ವಿಷಯದಲ್ಲಿ ಎಲ್ಲಿ ಹೋಗಿತ್ತೋ! ಬುಶ್ಶು ಇಡಿಯಾಗಿದ್ದಿದ್ದರೆ ಏನಾದರೂ ಉಪಾಯ ಮಾಡಬಹುದಿತ್ತು. ಆದರೆ ಷಮೀಮಾಳ ಗಂಡ ಅವಸರದಲ್ಲಿ ಕಾದ ಸರಳು ತೂರಿಸಿ ಬುಶ್‌ಗಳನ್ನು ಕರಗಿಸಿ ಕಿತ್ತಿದ್ದರು. ಹಳೆಯ ಹಿತ್ತಾಳೆ ಬುಶ್‌ಗಳು ಆಗಲೇ ಗುಜರಿಗೆ ಹೋಗಿದ್ದವು.

"ಅಸಿಟಾಲ್ ಅಂತ ಇದೆ ಷಮೀಮಾ. ನೋಡಲು ಇದರ ಹಾಗೇ ಬೆಳ್ಳಗಿರುತ್ತೆ, ಜಾರುತ್ತೆ, ನೀರು ಮಾತ್ರ ಹೆಚ್ಚು ಕುಡಿಯಲ್ಲ. ಹಾರೋಹಳ್ಳೀಲಿ ಸಿಗುತ್ತೆ. ಸಂಜೆಗೆ ತರ್ತೀನಿ" ಎಂದು ಹೊರಟೆ. ಕನಕಪುರದಲ್ಲಿ ಬಸ್ಸು ಬದಲಿಸುವಾಗ ಹಸಿವು ತಡೆಯದೆ ಅರವತ್ತು ರೂಪಾಯಿಗೆ ಮುದ್ದೆ, ಬಸ್ಸಾರು ಉಂಡೆ. ಚಿಂತೆ ಎಷ್ಟಿದ್ದರೂ ನನ್ನ ನಾಲಿಗೆ ರುಚಿ ಕೆಟ್ಟದ್ದಿಲ್ಲ. ಸೊಪ್ಪಿನ ಪಲ್ಯವನ್ನು ಎರಡನೇ ಸಲ ಹಾಕಿಸಿಕೊಂಡೆ.

ಹಾರೋಹಳ್ಳಿಯ ಕಾರ್ಖಾನೆಗಳ ಸಾಲಿನ ಕೊನೆಗೆ ನಂಜುಂಡ ಎಂಬವನ ಗುಜರಿ ಅಂಗಡಿ. ಕಾರ್ಖಾನೆಗಳಲ್ಲಿ ಕತ್ತರಿಸಿ ಮಿಕ್ಕ ಬಿಳಿ ದಿಮ್ಮಿಗಳು ಗುಡ್ಡೆ ಬಿದ್ದಿದ್ದವು.

"ಅಸಿಟಾಲ್ ಐತೇನಣ್ಣ?"

"ಬೆಳ್ಳಗಿರೋವು ಅವೆ. ಯಾವ್ದಾರ ತಗಳಿ, ಎಲ್ಲಾ ಒಂದೇಯ."

ಒಂದೇ ಅಲ್ಲ ಎಂದು ತೋರಿಸಲು ಅವನಿಂದಲೇ ಒಂದು ಬಕೆಟ್ ನೀರು ತರಿಸಿದೆ. ತೇಲಿದ್ದನ್ನೆಲ್ಲ ಆಚೆಗಿಟ್ಟೆ, ಅವು ಪಾಲಿಥೀನ್, ಪಾಲಿಪ್ರೊಪಿಲೀನ್. ಮುಳುಗಿದ್ದರಲ್ಲಿ ಒಂದೊಂದು ಸಿಪ್ಪೆ ಕೆತ್ತಿ ಬೆಂಕಿಕಡ್ಡಿ ಗೀರಿದೆ. ಮೊದಲನೆಯದು ಕೂದಲು ಸುಟ್ಟ ವಾಸನೆ. ನೈಲಾನ್! ಎರಡನೆಯದೂ ಅದೇ. ರೇಷ್ಮೆ ಸುಟ್ಟರೂ ಹೀಗೇ ನಾರುತ್ತದೆ. ರೇಷ್ಮೆಗೆ ಬದಲಿಯಾಗಿ ಕಾಲುಚೀಲ ನೇಯಲು ಬಂದ ನೂಲೇ ತಾನೇ ಇದು. ಸಂಬಂಧಿಕನೇ ಬಂದು ರೇಷ್ಮೆ ಮನೆಯ ಕೆಲಸ ನಿಲ್ಲಿಸಿದ್ದ.

ಒಂಬತ್ತನೆಯ ತುಂಡಿಗೆ ಬೆಂಕಿ ಇಟ್ಟಾಗ ಉರಿ ಕಂಡೂ ಕಾಣದಷ್ಟು ನೀಲಿ. ಮೂಗಿಗೆ, ಕಣ್ಣಿಗೆ ಖಾರ ತೂರಿದಂತಾಗಿ ಇಬ್ಬರೂ ಹಿಂದಕ್ಕೆ ಹಾರಿದೆವು.

"ಇದೇ! ಇದೇ ಅಸಿಟಾಲ್!" ಎಂದು ಕಣ್ಣೀರು ಸುರಿಸಿಕೊಂಡೇ ಕೂಗಿದೆ.

"ಸಿಕ್ಕುದ್ರೂ ಅಳ್ತೀರಲ್ಲಕ್ಕ" ಎಂದು ನಂಜುಂಡ ತಾನೂ ಕಣ್ಣೊರೆಸಿಕೊಂಡ.

ಆದರೆ ಆ ತುಂಡು ನನ್ನ ಹೆಬ್ಬೆರಳಿಗಿಂತ ದೊಡ್ಡದಿರಲಿಲ್ಲ. ಗುಡ್ಡೆಯನ್ನೆಲ್ಲ ಜಾಲಾಡಿದರೂ ಇನ್ನೊಂದು ಸಿಗಲಿಲ್ಲ. ಕೊನೆಗೆ, ಅದೂ ಊದುವುದೇ ಎಂದು ಗೊತ್ತಿದ್ದೂ, ಬರಿಗೈಲಿ ಹೋಗಲಾರದೆ ಒಂದು ಮೊಳದ ನೈಲಾನ್ ದಿಮ್ಮಿಯನ್ನೇ ಹೊತ್ತು ಬಸ್ಸು ಹತ್ತಿದೆ. ಹಿಂದಿರುಗುವ ದಾರಿಯಲ್ಲಿ ಯಾರ ಪ್ಲಾಸ್ಟಿಕ್ಕನ್ನೂ ತಟ್ಟಲಿಲ್ಲ.

ಗುರುವಾರ ಬೆಳಿಗ್ಗೆ ದಿಮ್ಮಿ ಮತ್ತು ಶಾಫ್ಟಿನ ಒಂದು ಹಳೆಯ ತುಂಡು ಹಿಡಿದು ಚನ್ನಪಟ್ಟಣಕ್ಕೆ ಹೋದೆ. ರಾಮನಗರದಿಂದ ಅರ್ಧ ಗಂಟೆಯ ದಾರಿ. ರಾಮನಗರದ ಲೇತಿನವರು ಎರಡು ದಿನ ಆಗಲ್ಲವೆಂದು ಕೈಯಾಡಿಸಿದ್ದರು. ಹಾಗಾಗಿ ಷಮೀಮಾಳಿಗೆ ಪರಿಚಯವಿದ್ದ ಗೊಂಬೆ ಕೆಲಸದ ಸಿದ್ದಣ್ಣನೇ ಗತಿ. ಅವರು ಮರದ ಲೇತಿನ ಮುಂದೆ ಕಾಲು ಚಾಚಿ ಕೂತು ಹಾಲೆ ಮರದಲ್ಲಿ ಬುಗುರಿ ಕಡೆಯುತ್ತಿದ್ದರು. ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಆ ಉಜ್ಜಿದ ಬಿಸಿಗೇ ಅರಗು ಕರಗಿ, ಹಳದಿ ಬಣ್ಣ ಸುತ್ತಲೂ ಹಬ್ಬುತ್ತಿತ್ತು. ಎಷ್ಟು ನೋಡಿದರೂ ಸಾಲದು.

ನನ್ನ ಕತೆಯನ್ನೆಲ್ಲ ಕೇಳಿ ಸಿದ್ದಣ್ಣ ದಿಮ್ಮಿಯನ್ನು ಮೂಸಿದರು. "ಇದು ನೀರು ಕುಡ್ದು ಊದ್ತದೆ ಅಂತೀರ. ಎಷ್ಟಕ್ಕೆ ಊದಿ ನಿಲ್ತದೆ?"

"ಹೊಟ್ಟೆ ತುಂಬಿದ ಮೇಲೆ ನಿಲ್ಲುತ್ತೆ."

"ಮತ್ತೆ ಅದ್ರಲ್ಲಿ ಹೆದ್ರಿಕೆ ಏನವ್ವ? ಹಸಿ ಮರದಲ್ಲಿ ಅಳ್ತೆಗೆ ಬುಗುರಿ ಮಾಡುದ್ರೆ ಒಣಗ್ತಾ ಒಣಗ್ತಾ ಕುಗ್ಗೋಯ್ತದೆ. ಅದ್ಕೇ ನಾವು ಒಸಿ ದಪ್ಪಕ್ಕೆ ಕಡೆದು ಮಡಗ್ಬುಟ್ಟು, ಕುಗ್ಗೋದೆಲ್ಲ ಕುಗ್ಗಿದ್ ಮ್ಯಾಕೆ ಅಳ್ತೆಗೆ ತತ್ತೀವಿ. ನಿಮ್ದು ಉಲ್ಟಾ ಅಷ್ಟೇಯ. ಊದೋದೆಲ್ಲ ಊದ್ಲಿ, ಆಮ್ಯಾಕೆ ಅಳ್ತೆ ಹಿಡಿಯೋವಾ."

ಹದಿನೆಂಟು ವರ್ಷ ನಾನು ಪ್ಲಾಸ್ಟಿಕ್ಕನ್ನು ಒಣಗಿಸಿದ್ದೆನೇ ಹೊರತು ಬೇಕೆಂದೇ ಕುಡಿಸಿ ನೋಡಿರಲಿಲ್ಲ. ಖುಷಿಯಲ್ಲಿ ಆ ಮನುಷ್ಯನ ಕಾಲಿಗೆ ಬೀಳುವುದೊಂದು ಬಾಕಿ. ಸಿದ್ದಣ್ಣ ಬೆಳಿಗ್ಗೆ ಹತ್ತರೊಳಗೆ ಎಂಟು ಬುಶ್‌ಗಳನ್ನು ಬೇಗ ನೀರು ಕುಡಿಯಲೆಂದು ತೆಳ್ಳಗೆ, ಆದರೆ ಅಳತೆಗಿಂತ ತುಸು ದಪ್ಪ ಉಳಿಸಿ ಕಡೆದರು. ಉಳಿಯ ಬಾಯಿಂದ ಬಿಳಿ ಎಳೆ ಶ್ಯಾವಿಗೆಯಂತೆ ಇಳಿದು ಅವರ ಮಡಿಲು ತುಂಬಿತು. ತಮಾಷೆಗೆ ಒಂದಕ್ಕೆ ಕೆಂಪು ಅರಗು ಒತ್ತಿ ನೋಡಿದರು. ಬಣ್ಣ ಚಕ್ಕೆಯಾಗಿ ಹಾರಿಹೋಯಿತು. "ಇದ್ಕೆ ಸಿಂಗಾರ ಆಗ್ಬರಕಿಲ್ಲ ಬುಡಿ" ಎಂದು ನಕ್ಕರು.

ಬುಶ್‌ಗಳನ್ನು ಬೇಯಿಸಲು ಪಾತ್ರೆ ಹುಡುಕಬೇಕಾಗಿರಲಿಲ್ಲ. ಷಮೀಮಾಳ ಮನೆಯಲ್ಲಿ ಗೂಡು ಬೇಯಿಸುವ ಒಲೆಯೇ ಇತ್ತು. ಮಧ್ಯಾಹ್ನ ಹನ್ನೆರಡಕ್ಕೆ ಕುದಿಯುವ ನೀರಿಗೆ ಹಾಕಿದೆವು. "ಗೂಡು ಬೇಯೋ ಜಾಗದಲ್ಲಿ ಬುಶ್ ಬೇಯ್ತಾ ಇದೆ. ಉಪ್ಪು ಹಾಕ್ಲಾ?" ಎಂದು ಷಮೀಮಾ ಕೇಳಿದಳು. ಎರಡು ದಿನದಲ್ಲಿ ಮೊದಲ ಸಲ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಹಬೂಬಿ ಮಾತ್ರ ಮಾತಾಡಲಿಲ್ಲ. ಆದರೆ ಒಲೆ ತಣಿಯದಂತೆ ಆಗಾಗ ಸೌದೆ ಒಟ್ಟುತ್ತಿದ್ದವರು ಅವರೇ.

ಶುಕ್ರವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಬಿಸಿನೀರು ತುಂಬಿದ ಸ್ಟೀಲ್ ಡಬ್ಬಿಯಲ್ಲಿ ಬುಶ್‌ಗಳನ್ನು ಮುಳುಗಿಸಿಕೊಂಡು ಚನ್ನಪಟ್ಟಣದ ಮೊದಲ ಬಸ್ಸು ಹಿಡಿದೆ. ದಾರಿಯಲ್ಲಿ ಅವು ಒಣಗಬಾರದಲ್ಲ. ಕಂಡಕ್ಟರ್ ಡಬ್ಬಿ ನೋಡಿ, "ಮೀನಾ ಅಕ್ಕ? ಚೆಲ್ಲುದ್ರೆ ನೀವೇ ತೊಳೀಬೇಕು" ಎಂದ. ಮುಚ್ಚಳ ತೆಗೆದು ತೋರಿಸಿದೆ. "ಇದ್ಯಾವ ಸೀಮೆ ತಿಂಡಿ" ಎಂದು ತಲೆ ಕೆರೆದುಕೊಂಡು ಸೊನ್ನೆ ಟಿಕೆಟ್ ಹರಿದುಕೊಟ್ಟ.

ಆ ಟಿಕೆಟ್ಟೇ ನಮ್ಮ ಅಳತೆಗೋಲಾಯಿತು. ಬುಶ್ಶಿಗೂ ಶಾಫ್ಟಿಗೂ ನಡುವೆ ಎಷ್ಟು ಸಡಿಲ ಬೇಕೆಂದು ಸಿದ್ದಣ್ಣ ಕೇಳಿದಾಗ ನಾನು ವರ್ನಿಯರ್ ಭಾಷೆಯಲ್ಲಿ ಹೇಳತೊಡಗಿದೆ. ಅವರಿಗೆ ಅದು ಬೇಡವಾಗಿತ್ತು. "ಕಾಗ್ದ ಕೊಡಿ" ಎಂದು ಟಿಕೆಟ್ಟನ್ನು ಒಂದು ಮಡಿಕೆ ಮಡಿಸಿ ಶಾಫ್ಟಿನ ತುಂಡಿನ ಜೊತೆ ಬುಶ್ಶಿನೊಳಗೆ ತೂರಿಸಿದರು. ಮಡಿಸಿದ ಕಾಗದ ಹರಿಯದೆ ಈಚೆ ಬರುವ ತನಕ ಒಳಗೆ ಕೆರೆಯುತ್ತಾ ಹೋದರು. ಎಂಟೂ ಮುಗಿದ ಮೇಲೆ ನಾನು ವರ್ನಿಯರ್ ಇಟ್ಟು ನೋಡಿದೆ. ಎಂಟೂ ಬುಶ್‌ಗಳು ಒಂದೇ ಅಳತೆ! ನನ್ನ ಕಾರ್ಖಾನೆಯಲ್ಲಾಗಿದ್ದರೆ ಕಣ್ಣು ಮುಚ್ಚಿ ಮೊಹರು ಹಾಕುತ್ತಿದ್ದೆ. ಕೂಲಿ ಕೇಳಿದರೆ ಸಿದ್ದಣ್ಣ, "ಮೊದ್ಲು ತಿರುಗ್ಲಿ ಹೋಗಿ" ಎಂದು ಒಂದು ಹಳದಿ ಬುಗುರಿಯನ್ನೂ ಕೈಗಿಟ್ಟು ಕಳಿಸಿದರು.

ರಾಮನಗರಕ್ಕೆ ಮರಳಿ ಬುಶ್ಶು ಕೂರಿಸಿದ ಮೇಲೆ, ಒಂಬತ್ತು ಗಂಟೆಗೆ ಷಮೀಮಾ ಮೋಟಾರಿನ ಗುಂಡಿ ಒತ್ತಿದಳು. ಶಾಫ್ಟು ಒಮ್ಮೆ ನಡುಗಿತು, ಆಮೇಲೆ ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ತಿರುಗಿತು. ಎಣ್ಣೆಯಿಲ್ಲ, ಕಿರುಗುಟ್ಟುವುದಿಲ್ಲ. ಮಹಬೂಬಿ ಬಿಸಿನೀರಿಗೆ ಬೆರಳಿಳಿಸಿ ಗೂಡುಗಳಿಂದ ಎಳೆ ಹೆಕ್ಕಿ ರಾಟೆಗೆ ಕೊಟ್ಟರು. ಬಿಳಿ ನೂಲು ಫಳಫಳನೆ ಏರತೊಡಗಿತು. ಷಮೀಮಾ ನನ್ನನ್ನು ತಬ್ಬಿಕೊಂಡು ಕುಣಿದೇಬಿಟ್ಟಳು. ಅವಳ ಒದ್ದೆ ಕೈಯಿಂದ ನನ್ನ ರವಿಕೆಯ ಬೆನ್ನೆಲ್ಲ ತೊಯ್ದಿತು.

ಆ ದಿನ ಊಟಕ್ಕೂ ಯಂತ್ರ ನಿಲ್ಲಿಸಲಿಲ್ಲ. ಒಬ್ಬರು ಉಂಡು ಬರುವವರೆಗೆ ಇನ್ನೊಬ್ಬರು ಕೂತರು. ಗಂಟೆಗೊಮ್ಮೆ ನಾನು ಬುಶ್‌ಗಳ ಮೇಲೆ ಕೈಯಿಟ್ಟು ಬಿಸಿಯಾಗಿವೆಯೇ ಎಂದು ನೋಡುತ್ತಿದ್ದೆ, ಹಸುಗೂಸಿನ ಹಣೆ ಮುಟ್ಟಿದ ಹಾಗೆ. ನಾಲ್ಕು ಗಂಟೆಗೆ ಹೊರಗೆ ಮಳೆ ಹನಿಯಿತು. ಹಬೆ ಇನ್ನಷ್ಟು ದಟ್ಟವಾಯಿತು. ಬುಶ್‌ಗಳಿಗೆ ಆಗಲೇ ಹೊಟ್ಟೆ ತುಂಬಿತ್ತು, ಅವು ಕ್ಯಾರೇ ಅನ್ನಲಿಲ್ಲ. ಏಳು ಗಂಟೆಗೆ ಕೊನೆಯ ಬುಟ್ಟಿ ಖಾಲಿಯಾಯಿತು. ದಣಿದ ಷಮೀಮಾ ಅಲ್ಲೇ ಗೋಡೆಗೊರಗಿ ನಿದ್ದೆ ಹೋದಳು.

ಶನಿವಾರ ಬೆಳಿಗ್ಗೆ ಮಾಗಡಿಯ ಬಸ್ಸಿಗೆ ಚೀಲ ತುಂಬಿಕೊಳ್ಳುತ್ತಿದ್ದೆ. ಮಹಬೂಬಿ ಘಟಕ ಗುಡಿಸುತ್ತಿದ್ದವರು ಬುಟ್ಟಿಗಳನ್ನಿಡುವ ಮಂಚದ ಕೆಳಗೆ ಪೊರಕೆ ಆಡಿಸಿ, ಹಾಗೇ ನಿಂತರು. ಬುಟ್ಟಿಯಿಂದ ಯಾವಾಗಲೋ ಉರುಳಿದ್ದ ಒಂದೇ ಒಂದು ಗೂಡು ಅಲ್ಲಿ ಉಳಿದುಬಿಟ್ಟಿತ್ತು. ಅದರ ತುದಿಯಲ್ಲಿ ದುಂಡನೆಯ ತೂತು, ತೂತಿನ ಪಕ್ಕದಲ್ಲಿ ಕೆನೆಬಣ್ಣದ ಚಿಟ್ಟೆ. ಅವರು ಬಗ್ಗಿ ಅದನ್ನು ಅಂಗೈ ಮೇಲೆ ಹತ್ತಿಸಿಕೊಂಡು ನನ್ನ ಹತ್ತಿರ ಬಂದರು. ಬುಧವಾರದಿಂದ ನನ್ನೊಡನೆ ಒಂದು ಮಾತೂ ಆಡದಿದ್ದವರು.

"ನೋಡು ಬೇಟಿ, ಇವತ್ತೇ ಎದ್ದಿದೆ" ಎಂದರು. "ಮಿಷಿನ್ ತಿರುಗ್ದೆ ಇದ್ದಿದ್ರೆ ಅರವತ್ತು ಕಿಲೋನೂ ಹಿಂಗೇ ಎದ್ದು ಕೂತಿರೋದು."

ನನಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಬಾಗಿಲು ದಾಟಿ ಮತ್ತೊಮ್ಮೆ ಹಿಂದಿರುಗಿ ನೋಡಿದೆ. ಮಹಬೂಬಿ ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದರು. ಚಿಟ್ಟೆಯ ರೆಕ್ಕೆ ಇನ್ನೂ ಒದ್ದೆಯಾಗಿತ್ತು.