ಓದದೆ ಸಹಿ ಹಾಕದ ಮೇಷ್ಟ್ರು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಸಿಲ್ವರ್ ನೈಟ್ರೇಟ್ ತಗುಲಿದರೆ ಚರ್ಮ ಹಾಗಾಗುತ್ತದೆ. ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ, ಹಳೆಯ ಚರ್ಮ ಕಳಚಿ ಹೊಸದು ಬರಬೇಕು. ನಮ್ಮ ಕೆಮಿಸ್ಟ್ರಿ ಮೇಷ್ಟ್ರಿಗೆ ಹೊಸ ಚರ್ಮ ಬರುವಷ್ಟರಲ್ಲಿ ಇನ್ನೊಂದು ಬ್ಯಾಚಿನ ಪ್ರಾಕ್ಟಿಕಲ್ ಶುರುವಾಗಿರುತ್ತಿತ್ತು. ಆ ಕಪ್ಪು ಬೆರಳುಗಳ ನಡುವೆ ಒಂದು ಹಸಿರು ಇಂಕಿನ ಪೆನ್ನು. ದೊಡ್ಡಬಳ್ಳಾಪುರದ ನಮ್ಮ ಸರ್ಕಾರಿ ಕಾಲೇಜಿನಲ್ಲಿ ಆ ಪೆನ್ನಿಗೆ ಹೆದರದ ಹುಡುಗರಿರಲಿಲ್ಲ.

ಅವರು ಗೆಜೆಟೆಡ್ ಅಧಿಕಾರಿ. ಅಂದರೆ ಅಂಕಪಟ್ಟಿ, ಜಾತಿ ಪತ್ರಗಳ ಜೆರಾಕ್ಸಿಗೆ 'ಇದು ಅಸಲಿನ ನಿಜ ನಕಲು' ಎಂದು ಹಸಿರು ಇಂಕಿನಲ್ಲಿ ಸಹಿ ಹಾಕುವ ಹಕ್ಕಿದ್ದವರು. ಉಳಿದ ಮೇಷ್ಟ್ರುಗಳು ಫೋನಿನಲ್ಲಿ ಮಾತಾಡುತ್ತಲೇ ಹತ್ತು ಹಾಳೆಗೆ ಸಹಿ ಎಳೆದು ಕಳಿಸುತ್ತಿದ್ದರು. ಇವರು ಹಾಗಲ್ಲ. ಅಸಲು ಪಕ್ಕದಲ್ಲಿಟ್ಟುಕೊಂಡು, ಸ್ಕೇಲು ಇಟ್ಟು ಒಂದೊಂದೇ ಸಾಲು ಕೆಳಗಿಳಿಸುತ್ತಾ ಓದುವರು. ಮೊದಲ ವರ್ಷ ನಾನು ಅಸಲು ಮರೆತು ಬರೀ ಜೆರಾಕ್ಸ್ ಹಿಡಿದು ಹೋಗಿದ್ದೆ. "ಸಾರ್, ಸಾಸಲಿಂದ ಬರ್ತೀನಿ, ಮೂರೂವರೆ ಬಸ್ಸು ತಪ್ಪಿದ್ರೆ ಕಷ್ಟ" ಎಂದು ಗೋಗರೆದೆ.

"ಹಂಗಾದ್ರೆ ಬೇಗ ಹೊರಡಮ್ಮ, ಬಸ್ಸು ತಪ್ಪಿಸ್ಕೋಬೇಡ. ನಾಳೆ ಅಸಲು ತಗೊಂಡ್ ಬಾ."

ಅಷ್ಟೇ. ಸಾಸಲಿನವರೆಗೂ ಅವರನ್ನು ಮನಸ್ಸಿನಲ್ಲೇ ಬೈದುಕೊಂಡು ಹೋದೆ. ನನ್ನ ಬಾಯಿ ಆಗಲೂ ಈಗಲೂ ಒಳ್ಳೆಯದಲ್ಲ.

ಎರಡನೇ ವರ್ಷದಲ್ಲಿ ಒಂದು ಪ್ರಸಂಗ ನಡೆಯಿತು. ಲ್ಯಾಬಿನಲ್ಲಿ ಆಸಿಡ್ಡಿನ ಪ್ರಮಾಣ ಅಳೆಯುವ ಪ್ರಯೋಗ. ಉತ್ತರ ಎಷ್ಟು ಬರಬೇಕೆಂದು ಹಿಂದಿನ ಬ್ಯಾಚಿನವರ ರೆಕಾರ್ಡ್ ಪುಸ್ತಕದಲ್ಲಿ ಎಲ್ಲರೂ ನೋಡಿಕೊಂಡೇ ಬರುತ್ತಿದ್ದೆವು. ಅವತ್ತು ನಾನು ಎಷ್ಟು ಸಲ ಮಾಡಿದರೂ ರೀಡಿಂಗ್ ಎಲ್ಲೋ ಹೋಗುತ್ತಿತ್ತು. ತಿದ್ದಿ ಬರೆಯಬಹುದಿತ್ತು. ಆದರೆ ಅಷ್ಟರಲ್ಲಿ ತಲೆ ಕೆಟ್ಟು ಹೋಗಿತ್ತು. ನೇರ ಅವರ ಟೇಬಲ್ಲಿಗೆ ಹೋಗಿ, "ಸಾರ್, ನಂಗೆ ಬರ್ತಿಲ್ಲ, ಏನ್ ಮಾಡ್ಲಿ?" ಎಂದೆ. ಅವರು ಬಂದು ತಾವೇ ಮಾಡಿ ನೋಡಿದರು. ಆಮೇಲೆ ಬಾಟಲಿ ಎತ್ತಿ ಮೂಸಿ, ಅಟೆಂಡರನ್ನು ಕರೆದು ಕೇಳಿದರು. ಬೆಳಿಗ್ಗೆ ದ್ರಾವಣ ಕಲಸುವಾಗ ಅವನು ಅರ್ಧಕ್ಕರ್ಧ ನೀರು ಸುರಿದಿದ್ದನಂತೆ!

ಮೇಷ್ಟ್ರು ಇಡೀ ಕ್ಲಾಸನ್ನು ನಿಲ್ಲಿಸಿದರು. "ಏನ್ರಪ್ಪಾ, ಬಾಟ್ಲೀಲಿರೋದೇ ತಪ್ಪು. ನಿಮಗೆಲ್ಲ ಸರಿ ಉತ್ತರ ಎಲ್ಲಿಂದ ಬಂತು?" ಅವರು ಬೈಯಲೂ ಇಲ್ಲ, ನಕ್ಕುಬಿಟ್ಟರು. ಆಮೇಲೆ ನನ್ನ ರೆಕಾರ್ಡಿನ ಆ ತಪ್ಪು ರೀಡಿಂಗಿನ ಕೆಳಗೆ 'ಓದಿದೆ' ಎಂದು ಬರೆದು, ಸಹಿ ಹಾಕಿದರು. ಅವತ್ತಿನಿಂದ ನಾನೆಂದರೆ ಅವರಿಗೆ ಒಂಥರಾ ಅಕ್ಕರೆ. ಪ್ರಾಮಾಣಿಕತೆಯಿಂದಲ್ಲ, ಬೇಜಾರಿನಿಂದ ಹೋಗಿ ಹೇಳಿದ್ದೆ ಎಂದು ಅವರಿಗೆ ನಾನು ಯಾವತ್ತೂ ಹೇಳಲಿಲ್ಲ.

ಬಿ.ಎಸ್ಸಿ. ಮುಗಿದ ವರ್ಷ ನನ್ನ ತಲೆಗೆ ಜರ್ಮನಿ ಹೊಕ್ಕಿತು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನಮ್ಮಂಥವರೂ ಎಂ.ಎಸ್ಸಿ. ಓದಬಹುದು ಎಂದು ಕ್ಲಾಸಿನ ಗ್ರೂಪಿನಲ್ಲಿ ಯಾರೋ ಹಾಕಿದ್ದರು. ಅಪ್ಪ "ಹೋಗ್ಲಿ ಬಿಡು, ಓದ್ಲಿ" ಎಂದರು. ಅಮ್ಮ ಮಾತ್ರ ಒಪ್ಪಲಿಲ್ಲ. ಸೋದರಮಾವನ ಮಗನಿಗೆ ನನ್ನನ್ನು ಕೊಡುವುದೆಂದು ನಾನು ಲಂಗ ಹಾಕುವ ಕಾಲಕ್ಕೇ ಮಾತಾಗಿತ್ತು. ಕೊನೆಗೆ ಅಮ್ಮ ಒಂದು ತೀರ್ಮಾನ ಕೊಟ್ಟಳು: "ಈ ವರ್ಷ ಸೀಟು ಬಂತಾ, ಹೋಗು. ಬರ್ಲಿಲ್ವಾ, ಬಾಯಿ ಮುಚ್ಕೊಂಡು ಮಾವನ ಮಗನ್ನ ಕಟ್ಕೋ. ಮುಂದಿನ ವರ್ಷ ನೋಡಾನ ಅನ್ನೋ ಮಾತೇ ಇಲ್ಲ." ಮಾವನ ಮಗ ಕೆಟ್ಟವನೇನಲ್ಲ. ಆದರೆ ಅವನ ಮನೆಯಲ್ಲಿ ಮದುವೆಯಾದ ಹೆಂಗಸರು ಓದುವುದಿಲ್ಲ.

ಅರ್ಜಿಗೆ ಮೇಷ್ಟ್ರುಗಳಿಂದ ಎರಡು ಶಿಫಾರಸು ಪತ್ರ ಬೇಕಿತ್ತು. ನಮ್ಮ ಕಡೆ ಇದು ನಡೆಯುವ ರೀತಿ ಎಲ್ಲರಿಗೂ ಗೊತ್ತು. "ನೀನೇ ಬರ್ಕೊಂಡ್ ಬಾ, ಸೈನ್ ಹಾಕ್ತೀನಿ" ಅನ್ನುತ್ತಾರೆ. ಮ್ಯಾಥ್ಸ್ ಮೇಷ್ಟ್ರು ಹಾಗೇ ಅಂದರು, ನನ್ನ ಬಗ್ಗೆ ನಾನೇ ಎರಡು ಪುಟ ಹೊಗಳಿಕೊಂಡು ಹೋಗಿ ಕೊಟ್ಟೆ, ಬೈಕ್ ಮೇಲೆ ಕೂತೇ ಸಹಿ ಹಾಕಿದರು. ಕೆಮಿಸ್ಟ್ರಿ ಮೇಷ್ಟ್ರ ಹತ್ತಿರ ಅದು ನಡೆಯುತ್ತದೆಯೇ? ಎದುರಿಗೆ ಕೂರಿಸಿಕೊಂಡು ಎಲ್ಲ ಕೇಳಿದರು. ಅಮ್ಮನ ತೀರ್ಮಾನವನ್ನೂ ಹೇಳಿದೆ, ಹೇಳುವಾಗ ಅತ್ತೇಬಿಟ್ಟೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. "ಅಲ್ಲಿ ಇದನ್ನ ಓದೋರು ಯಾರಮ್ಮ? ಮೇಷ್ಟ್ರೇ ತಾನೆ?" ಎಂದು ಮಾತ್ರ ಕೇಳಿದರು. ಐದು ದಿನ ತೆಗೆದುಕೊಂಡು, ಕೈಯಲ್ಲೇ ಇಂಗ್ಲಿಷಿನಲ್ಲಿ ಬರೆದು, ಅಂಟಿಸದ ಕವರಿನಲ್ಲಿಟ್ಟು ಕೊಟ್ಟರು. "ಓದ್ಕೋ. ನಿನಗೆ ಗೊತ್ತಿಲ್ದಂಗೆ ನಿನ್ ಬಗ್ಗೆ ನಾನೇನೂ ಬರೆಯಲ್ಲ."

ಬಸ್ಸಿನಲ್ಲಿ ಕೂತು ಓದಿದೆ. ಒಂದೇ ಪುಟ. "ಈಕೆ ನನ್ನ ತರಗತಿಯ ಮೊದಲ ವಿದ್ಯಾರ್ಥಿನಿಯಲ್ಲ, ಮೊದಲ ಐದರಲ್ಲಿ ಬರುತ್ತಾಳೆ" ಎಂದು ಶುರು. ಇಂಗ್ಲಿಷ್ ಸುಮಾರು, ಕಲಿತುಕೊಳ್ಳುತ್ತಾಳೆ ಎಂದಿತ್ತು. ಆಮೇಲೆ ಆ ಬಾಟಲಿಯ ಕಥೆ ಪೂರ್ತಿ. ಕೊನೆಗೆ, "ಫಲಿತಾಂಶ ಸರಿಬರದಾಗ ಅದನ್ನು ತಿದ್ದದೆ ನನ್ನ ಬಳಿಗೆ ತಂದವಳು ಈಕೆ. ಇವಳು ಬರೆದ ಅಂಕಿಯನ್ನು ನೀವು ನಂಬಬಹುದು."

ಈಗ ನಾನು ಜರ್ಮನಿಯ ಅಂಥ ಮೇಷ್ಟ್ರುಗಳ ಜೊತೆಯೇ ಕೆಲಸ ಮಾಡುತ್ತೇನೆ, ಅದಕ್ಕೇ ಹೇಳುತ್ತೇನೆ ಕೇಳಿ: ಆ ಒಂದು ಪುಟವೇ ಸಾಕಾಗುತ್ತಿತ್ತು. ಆವತ್ತು ನನ್ನ ಕಣ್ಣಿಗೆ ಬಿದ್ದದ್ದು 'ಮೊದಲ ವಿದ್ಯಾರ್ಥಿನಿಯಲ್ಲ' ಎನ್ನುವುದೊಂದೇ.

ಯಲಹಂಕದಲ್ಲಿ ಹೊರದೇಶದ ಅರ್ಜಿ ತುಂಬಿಸಿಕೊಡುವ ಒಂದು ಕಚೇರಿಯಿತ್ತು. ಅಲ್ಲಿನವನು ಪತ್ರ ಓದಿ ಜೋರಾಗಿ ನಕ್ಕ. "ಏನ್ ಮೇಡಂ ಇದು, ನಿಮ್ ಸಾರ್‌ಗೂ ನಿಮಗೂ ಏನಾದ್ರೂ ಜಗಳನಾ? ಇದನ್ನ ಹಾಕಿದ್ರೆ ಮುಗೀತು ಕಥೆ."

"ಇನ್ನೇನ್ ಮಾಡೋದು? ಅವರು ಬೇರೆ ಬರ್ಕೊಡಲ್ಲ."

"ಅವರನ್ನ ಯಾರ್ ಕೇಳ್ತಾರೆ? ಅವರ ಹೆಸರಲ್ಲಿ ನಾವೇ ಒಂದು ಜಿಮೇಲ್ ಮಾಡ್ತೀವಿ. ಯೂನಿವರ್ಸಿಟಿಯಿಂದ ಲೆಟರ್ ಹಾಕೋ ಲಿಂಕ್ ಅದಕ್ಕೇ ಬರತ್ತೆ, ಬೇರೆ ಲೆಟರ್ ಬರ್ದು ನಾವೇ ಕಳಿಸ್ತೀವಿ. ಎಲ್ರೂ ಹಿಂಗೇ ಮಾಡೋದು, ಟೆನ್ಶನ್ ತಗೋಬೇಡಿ."

ಆಗಲಿ ಎಂದೆ. ಯಾರೂ ನನ್ನ ಕೈ ತಿರುಚಲಿಲ್ಲ. ಅವನು ಮೇಷ್ಟ್ರ ಪತ್ರದ ಹಿಂಬದಿಯಲ್ಲೇ ನನ್ನ ಪಾಸ್‌ಪೋರ್ಟ್ ನಂಬರು ಗೀಚಿಕೊಂಡ. ವಾಪಸ್ ಕೊಡಿ ಅನ್ನಲೂ ನನಗೆ ತೋಚಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಶನಿವಾರ ಕಾಲೇಜಿನಿಂದ ಫೋನ್ ಬಂತು. ಪ್ರಿನ್ಸಿಪಾಲರು ಕರೆಯುತ್ತಿದ್ದಾರೆ, ಈಗಲೇ ಬರಬೇಕು. ಹೋದೆ. ಮೇಷ್ಟ್ರು ಆಗಲೇ ಅಲ್ಲಿ ಕೂತಿದ್ದರು. ಜರ್ಮನಿಯ ವಿಶ್ವವಿದ್ಯಾಲಯದವರು ಕಾಲೇಜಿನ ವಿಳಾಸಕ್ಕೆ ಮೇಲ್ ಹಾಕಿದ್ದರು: ಈ ಪತ್ರ ಕಾಲೇಜಿನ ಮೇಲ್‌ನಿಂದ ಬಂದಿಲ್ಲ, ನಿಮ್ಮ ಅಧ್ಯಾಪಕರೇ ಬರೆದದ್ದೇ, ದಯವಿಟ್ಟು ಖಚಿತಪಡಿಸಿ. ಪತ್ರವನ್ನೂ ಜೊತೆಗಿಟ್ಟಿದ್ದರು. ಪ್ರಿನ್ಸಿಪಾಲರು ಅದರ ಪ್ರಿಂಟನ್ನು ಮೇಷ್ಟ್ರ ಮುಂದೆ ತಳ್ಳಿದರು. "ನೋಡ್ರಿ, ಇದು ನಿಮ್ದೇನಾ?"

ಇಲ್ಲ ಎಂದು ಅವರು ಒಂದು ಮಾತು ಅಂದರೆ ಸಾಕು, ಸೀಟು ಹೋಯಿತು, ಮಾವನ ಮನೆಯ ಚಪ್ಪರಕ್ಕೆ ನಾಳೆಯೇ ಕಂಬ ನೆಡುತ್ತಾರೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಓದತೊಡಗಿದರು. ಅದನ್ನೂ ಬೇಗಬೇಗ ಓದಲಿಲ್ಲ. 'ನನ್ನ ಇಡೀ ಸೇವೆಯಲ್ಲಿ ಇಂಥ ಪ್ರತಿಭೆಯನ್ನು ಕಂಡಿಲ್ಲ', 'ನನ್ನ ಮಾರ್ಗದರ್ಶನದಲ್ಲಿ ಕೆರೆ ನೀರಿನ ಮೇಲೆ ಸಂಶೋಧನೆ ನಡೆಸಿದ್ದಾಳೆ' — ಎರಡು ಪುಟ ಬರೀ ಇಂಥ ಸುಳ್ಳುಗಳೇ. ಬೆರಳಿಟ್ಟುಕೊಂಡು ಒಂದೊಂದು ಸಾಲೂ ಓದಿದರು. ಕೆರೆಯ ಸಾಲಿನ ಹತ್ತಿರ ಬೆರಳು ನಿಂತಿತು. ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿದರು. ನಾನು ನೆಲ ನೋಡಿದೆ.

"ನಂದೇ ಸಾರ್," ಎಂದರು.

"ಮತ್ತೆ ಈ ಜಿಮೇಲ್?"

"ಅದು... ನಮ್ಮ ಮಗಳು ಮಾಡ್ಕೊಟ್ಟಿದ್ಲು."

ಮೇಷ್ಟ್ರಿಗೆ ಮಕ್ಕಳಿರಲಿಲ್ಲ. ಪ್ರಿನ್ಸಿಪಾಲರು ಹೊಸದಾಗಿ ವರ್ಗವಾಗಿ ಬಂದವರು, ಅವರಿಗೆ ಗೊತ್ತಿರಲಿಲ್ಲ. ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದ ಗುಮಾಸ್ತರಿಗೆ ಗೊತ್ತಿತ್ತು, ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ ಎಂಥಾ ಸುಳ್ಳು ಹೇಳಿದರು ನೋಡಿ. ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ 'ಈ ಪತ್ರ ನಾನೇ ಬರೆದದ್ದು' ಎಂದು ಟೈಪಾಗಿ ಬಂದದ್ದಕ್ಕೆ ಅಲ್ಲೇ ಸಹಿ ಹಾಕಿದರು. ಅದೊಂದನ್ನು ಮಾತ್ರ ಓದಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಕಾಲಿಗೆ ಬೀಳಲು ಹೋದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಬೇಡಮ್ಮ, ಏಳು. ನಿನ್ ಮದುವೆ ವಿಷ್ಯ ಹೇಳಿದ್ದೆಯಲ್ಲ, ಅದು ನೆನಪಾಯ್ತು. ಅದಕ್ಕೆ ಹಂಗಂದೆ." ಆಮೇಲೆ ಕೇಳಿದರು: "ನಾನ್ ಬರ್ಕೊಟ್ಟಿದ್ದು ಸಾಲ್ದಾಗಿತ್ತೇನಮ್ಮ?"

ಅದರಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಲ್ಯಾಬಿನ ಕಡೆ ನಡೆದುಹೋದರು.

ಸೀಟು ಬಂತು. ಅಮ್ಮ ಮಾತಿಗೆ ತಪ್ಪಲಿಲ್ಲ, ವಿಮಾನ ನಿಲ್ದಾಣಕ್ಕೆ ಬಂದು ಅತ್ತು ಕಳಿಸಿಕೊಟ್ಟಳು. ದೇವನಹಳ್ಳಿ ದಾಟುವಾಗ ಕಾರಿನಲ್ಲಿ ಎಲ್ಲರೂ ನನ್ನ ಬಗ್ಗೆಯೇ ಹೆಮ್ಮೆಯಿಂದ ಮಾತಾಡುತ್ತಿದ್ದರು, ನನಗೆ ಒಂದೂ ಕಿವಿಗೆ ಬೀಳಲಿಲ್ಲ. ಹೊರಡುವ ಮುಂಚೆ ಮೇಷ್ಟ್ರನ್ನು ನೋಡಿ ತಪ್ಪಾಯಿತು ಎನ್ನಬೇಕಿತ್ತು. ಮುಖ ತೋರಿಸಲಾಗದೆ ಹೋಗಲಿಲ್ಲ. ಅಲ್ಲಿಂದ ಯುಗಾದಿಗೆ, ದೀಪಾವಳಿಗೆ ಮೆಸೇಜು ಹಾಕುತ್ತಿದ್ದೆ. ಓದಿದ ಗುರುತು ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಹೇಳುತ್ತೇನೆ ಅಂದುಕೊಂಡೆ. ಊರಿಗೆ ಹೋದೆ, ಅವರ ಬೀದಿಯ ತನಕ ಹೋದೆ, ವಾಪಸ್ ಬಂದೆ. ಹೇಡಿ ನಾನು.

ಅವರು ತೀರಿಕೊಂಡ ಸುದ್ದಿ ಗ್ರೂಪಿನಲ್ಲಿ ಬಂತು. ನಿವೃತ್ತರಾಗಿ ವರ್ಷ ತುಂಬಿರಲಿಲ್ಲ, ಹೃದಯಾಘಾತ. ನಾನು ಲ್ಯಾಬಿಗೆ ಹೋಗುವ ಟ್ರಾಮಿನಲ್ಲಿದ್ದೆ. ಅವರ ಫೋಟೋದ ಕೆಳಗೆ ಸಾಲಾಗಿ ಕೈಮುಗಿದ ಗುರುತುಗಳು. ಒಬ್ಬ ಬರೆದಿದ್ದ: "ಕೊನೆ ಕೊನೇಲಿ ಸಾರ್ ಅಟೆಸ್ಟ್ ಮಾಡೋದನ್ನೇ ಬಿಟ್ಬಿಟ್ಟಿದ್ರು, ಯಾರ್ ಹೋದ್ರೂ ಬೇರೆಯವರ ಹತ್ರ ಹೋಗಿ ಅಂತಿದ್ರು. ವಯಸ್ಸಾಯ್ತು, ಸೋಮಾರಿತನ." ಅದಕ್ಕೆ ಹತ್ತು ಜನ ನಕ್ಕಿದ್ದರು. ಯಾವಾಗಿನಿಂದ ಬಿಟ್ಟಿದ್ದರು ಎಂದು ಕೇಳಿದೆ. ಅವನು ಹೇಳಿದ ವರ್ಷ ನಾನು ಹೊರಟ ವರ್ಷ. ಹಸಿರು ಪೆನ್ನಿನಲ್ಲಿ ಸಹಿ ಹಾಕುವ ಯೋಗ್ಯತೆ ತಮಗಿಲ್ಲ ಎಂದು ಅವರೇ ತೀರ್ಪು ಕೊಟ್ಟುಕೊಂಡಿದ್ದರು. ಸೋಮಾರಿತನ ಅಲ್ಲ ಎಂದು ಟೈಪ್ ಮಾಡಿದೆ, ಅಳಿಸಿದೆ. ಇಳಿಯುವ ಸ್ಟಾಪು ದಾಟಿ ಎಲ್ಲೋ ಹೋಗಿಬಿಟ್ಟಿದ್ದೆ.

ಹೋದ ರಜೆಯಲ್ಲಿ ಊರಿಗೆ ಬಂದಾಗ ದೊಡ್ಡಬಳ್ಳಾಪುರದ ಬಸ್ ಸ್ಟಾಪಿನಲ್ಲಿ ಒಬ್ಬಳು "ಅಕ್ಕಾ" ಎಂದು ಕೂಗಿ ಕೈಹಿಡಿದಳು. ನನಗಿಂತ ಎರಡು ವರ್ಷ ಕಿರಿಯವಳು, ಮೇಷ್ಟ್ರ ಲ್ಯಾಬಿನಲ್ಲೇ ಕಲಿತ ಹುಡುಗಿ, ನೇಕಾರರ ಮನೆಯವಳು. ಈಗ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಬಟ್ಟೆಯ ಬಣ್ಣ ಪರೀಕ್ಷಿಸುವ ಕೆಲಸ, ಕಂಪನಿಯ ಬಸ್ಸಿಗೆ ಕಾಯುತ್ತಿದ್ದಳು.

"ನಿಮ್ಮನ್ನ ನೋಡೇ ನಾನೂ ಜರ್ಮನಿಗೆ ಹಾಕಾಣ ಅಂತಿದ್ದೆ ಅಕ್ಕ. ಕ್ಲಾಸಿಗೇ ಫಸ್ಟ್ ಬಂದಿದ್ನಲ್ಲ. ಲೆಟರ್ ಕೇಳಕ್ಕೆ ಕೆಮಿಸ್ಟ್ರಿ ಸಾರ್ ಹತ್ರ ಮೂರ್ ಸಲ ಹೋದೆ, 'ನನ್ನ ಕೈಲಿ ಆಗಲ್ಲಮ್ಮ' ಅಂದ್ಬಿಟ್ರು. ಅವರೇ ಅಷ್ಟು ಹೇಳಿದ್ ಮೇಲೆ ನನ್ನಲ್ಲೇ ಏನೋ ಕೊರತೆ ಇರ್ಬೇಕು ಅಂತ ಸುಮ್ನಾದೆ."

ಅಲ್ಲೇ, ಆ ಜನರ ಮಧ್ಯೆಯೇ, ಎಲ್ಲವನ್ನೂ ಹೇಳಿಬಿಟ್ಟೆ. ಪತ್ರ, ಜಿಮೇಲು, ಇಲ್ಲದ ಮಗಳು, ಎಲ್ಲ. ಮೇಷ್ಟ್ರಿಗೆ ಹೇಳಬೇಕಾಗಿದ್ದದ್ದನ್ನು ಅವಳಿಗೆ ಹೇಳಿದೆ. ಅವಳು ತಿಂಡಿಯ ಡಬ್ಬಿಯ ಚೀಲವನ್ನು ಎದೆಗೊತ್ತಿಕೊಂಡು ಕೇಳಿದಳು.

"ಹಂಗಾದ್ರೆ ನಾನು ದಡ್ಡಿ ಅಂತ ಅಲ್ವಾ ಅಕ್ಕ?"

"ಅಲ್ಲ ಕಣೇ. ನನ್ನಿಂದ ಆಗಿದ್ದು."

ಅವಳ ಕಣ್ಣು ತುಂಬಿತು. ನಾನು ಗಡಿಬಿಡಿಯಿಂದ, ಈಗಲೂ ಹೊತ್ತು ಮೀರಿಲ್ಲ, ಅಲ್ಲಿ ನನಗೆ ಒಂದಿಷ್ಟು ಹೆಸರಿದೆ, ನಾನೇ ಲೆಟರ್ ಬರೆದುಕೊಡುತ್ತೇನೆ, ಈ ವರ್ಷವೇ ಅರ್ಜಿ ಹಾಕು ಎಂದೆ.

ಅವಳು ಬೇಡವೆಂದು ತಲೆಯಾಡಿಸಿದಳು. "ನೀವು ನನ್ನ ಜೊತೆ ಒಂದಿನಾನೂ ಲ್ಯಾಬಲ್ಲಿ ನಿಂತಿಲ್ಲ. ಏನಂತ ಬರೀತೀರ ಅಕ್ಕ? ನನ್ನ ಕೆಲಸ ಸರಿಯಾಗಿ ನೋಡಿದ್ದು ಸಾರ್ ಒಬ್ರೇ."

ಕಂಪನಿಯ ಬಸ್ಸು ಬಂತು. ಬರ್ತೀನಕ್ಕ ಎಂದು ಹತ್ತಿ ಹೋದಳು.